ಕಂಟ್ರಾಕ್ಟರ್ ಇಲ್ಲದ ಅಡುಗೆಮನೆ

ಪ್ರೇಮಾವತಿಯವರ ಪರಿಚಯ ನನಗಾದದ್ದು ಒಂದು ಚಪಾತಿಯಿಂದ. ಪುಣೆ ಬಳಿಯ ಚಾಕಣದ ಒಂದು ಬ್ರೇಕ್ ಪೈಪ್ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ವಿಭಾಗದವನು. ಬೆಳಗಿನಿಂದ ಸಂಜೆಯವರೆಗೆ ರಬ್ಬರಿನ ದಪ್ಪ ಅಳೆಯುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಡಿಸಿದ ಚಪಾತಿಯನ್ನು ಎತ್ತಿ ಹಿಡಿದರೆ ಎದುರು ಕೂತವನ ಮೀಸೆ ಕಾಣಿಸಿತು. ಜೇಬಿನಲ್ಲಿ ಕ್ಯಾಲಿಪರ್ ಇತ್ತು, ಅಳೆದೆ. ಮುಕ್ಕಾಲು ಮಿಲಿಮೀಟರ್. ಕೌಂಟರಿನ ಆಚೆ ನಿಂತಿದ್ದ ಹೆಂಗಸು ಅದನ್ನು ನೋಡಿ, "ನನ್ನ ಮುಖ ನೋಡ್ಬೇಡಿ ಮಾರಾಯ್ರೆ. ಹಿಟ್ಟು ಇಷ್ಟು, ಚಪಾತಿ ಅಷ್ಟು ಅಂತ ಅವರೇ ಬರೆದು ಕೊಟ್ಟಿದ್ದಾರೆ. ನಾನು ಬರೀ ಎಳೆಯೂದು" ಎಂದರು. ಕನ್ನಡ ಕಿವಿಗೆ ಬಿದ್ದದ್ದೇ ನಾನು ನಾಚಿಕೊಂಡು ಕ್ಯಾಲಿಪರ್ ಒಳಗಿಟ್ಟೆ.

ಅವರ ಊರು ಬ್ರಹ್ಮಾವರದ ಹತ್ತಿರ. ಏಳನೇ ತರಗತಿಯವರೆಗೆ ಓದು, ಇಪ್ಪತ್ತೆರಡಕ್ಕೆ ಮದುವೆ, ಮರುವಾರವೇ ಪುಣೆ. ಗಂಡ ದೇವದಾಸ್ ಆಗ ಅಲ್ಲಿಯ ಕೊಂಢವಾ ಬಡಾವಣೆಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಆಮೇಲೆ ನಮ್ಮ ಕಾರ್ಖಾನೆಯ ಅಡುಗೆಮನೆಗೆ ಬಂದರು. ಆ ಕಾಲದಲ್ಲಿ ಅಡುಗೆಯವರೂ ಕಾರ್ಖಾನೆಯ ನೌಕರರೇ. ಪಿಎಫ್, ದೀಪಾವಳಿಗೆ ಬೋನಸ್, ವರ್ಷಕ್ಕೊಂದು ಜೊತೆ ಉಕ್ಕಿನ ಮೂತಿಯ ಬೂಟು. ಸಾಂಬಾರು ಕುದಿಸುವವನಿಗೆ ಉಕ್ಕಿನ ಬೂಟು ಯಾಕೆಂದು ಯಾರೂ ಕೇಳಿರಲಿಲ್ಲ. ಕೊಡುತ್ತಿದ್ದರು, ಅವರು ಹಾಕಿಕೊಳ್ಳುತ್ತಿದ್ದರು. ನಾಲ್ಕು ವರ್ಷದ ನಂತರ ಪ್ರೇಮಾವತಿಯೂ ತರಕಾರಿ ಹೆಚ್ಚಲು ಸೇರಿದರು. ತಳೇಗಾಂವ ದಾಭಾಡೆಯಲ್ಲಿ ಎರಡು ಕೋಣೆಯ ಮನೆ. ಬೆಳಿಗ್ಗೆ ಐದೂವರೆಯ ಕಂಪನಿ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ನಿದ್ದೆ ಮಾಡುತ್ತ ಬರುತ್ತಿದ್ದರು.

ಎರಡು ಸಾವಿರದ ಹತ್ತರಲ್ಲಿ ಮುಂಬಯಿಯಿಂದ ಒಬ್ಬ ಸಲಹೆಗಾರ ಬಂದ. ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ಕಂಪನಿಯ ಕೆಲಸ ಪೈಪ್ ಮಾಡುವುದು, ಪಲ್ಯ ಮಾಡುವುದಲ್ಲ, ಪಲ್ಯವನ್ನು ಮಾರುಕಟ್ಟೆಗೆ ಬಿಟ್ಟುಬಿಡಿ, ಸ್ಪರ್ಧೆ ಹುಟ್ಟಿದರೆ ರುಚಿ ತಾನಾಗಿ ಏರುತ್ತದೆ, ಖರ್ಚು ತಾನಾಗಿ ಇಳಿಯುತ್ತದೆ ಎಂದು ವಿವರಿಸಿದ. ಸಭೆ ಮುಗಿದ ಮೇಲೆ ಅವನೇ ದೇವದಾಸರ ಕೈಯ ಬಟಾಟೆ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ. ಮುಂದಿನ ತಿಂಗಳು ಕ್ಯಾಂಟೀನು ಗುತ್ತಿಗೆಗೆ ಹೋಯಿತು.

ಅಲ್ಲಿಂದ ಹನ್ನೆರಡು ವರ್ಷದಲ್ಲಿ ಏಳು ಜನ ಕಂಟ್ರಾಕ್ಟರರು ಬಂದರು. ಪ್ರತಿಯೊಬ್ಬನೂ ಹಿಂದಿನವನಿಗಿಂತ ಕಡಿಮೆ ದರ ಹೇಳಿ ಗೆದ್ದವನು. ಅಡುಗೆಯವರು ಮಾತ್ರ ಅದೇ ಹನ್ನೆರಡು ಮಂದಿ, ಯಾಕೆಂದರೆ ಯಾವ ಕಂಟ್ರಾಕ್ಟರಿಗೂ ಅಡುಗೆ ಬರುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ಟೊಪ್ಪಿಯ ಬಣ್ಣ, ಗುರುತಿನ ಚೀಟಿ ಮತ್ತು ಸಾಂಬಾರಿನ ಸಾಂದ್ರತೆ. ಹಸಿರು ಟೊಪ್ಪಿಯವನ ಕಾಲದಲ್ಲಿ ಮೊಸರು ಮಜ್ಜಿಗೆಯಾಯಿತು. ನೀಲಿ ಟೊಪ್ಪಿಯವನ ಕಾಲದಲ್ಲಿ ಉಪ್ಪಿನಕಾಯಿ ಐಚ್ಛಿಕವಾಯಿತು. ನಾನು ಅಳೆದ ಚಪಾತಿ ಐದನೆಯವನದು.

ಏಳನೆಯವನು ಒಂದು ಮಂಗಳವಾರ ಬರಲಿಲ್ಲ. ಫೋನು ಬಂದ್. ಬುಧವಾರ ತರಕಾರಿಯ ಟೆಂಪೋ ಕೂಡ ಬರಲಿಲ್ಲ. ಅವನು ಎಲ್ಲಿಗೆ ಹೋದ ಎಂಬುದು ಇಂದಿಗೂ ಗೊತ್ತಿಲ್ಲ. ಒಂಬೈನೂರು ಜನರ ಊಟದ ಗಂಟೆ ಹತ್ತಿರವಾಗುತ್ತಿತ್ತು. ದೇವದಾಸ್ ಒಲೆಯ ಮುಂದೆ ಕೈಕಟ್ಟಿ ನಿಂತು, "ಹೇಳುವವರಿಲ್ಲ, ಎಂತ ಮಾಡೂದು?" ಎಂದರು.

"ಇಷ್ಟು ವರ್ಷ ಅವರು ಹೇಳಿದ ಹಾಗೆ ಮಾಡಿದ್ದೀರಾ?" ಎಂದು ಪ್ರೇಮಾವತಿ ಕೇಳಿದರು.

ದೇವದಾಸ್ ಯೋಚಿಸಿದರು. ಮಾಡಿರಲಿಲ್ಲ. ಒಲೆ ಹಚ್ಚಿದರು.

ಚಪಾತಿ ವಿಭಾಗದ ಗಂಗೂಬಾಯಿ ಇಂಡಿ ತಾಲೂಕಿನವರು, ದನಿ ದೊಡ್ಡದು, ಮರಾಠಿ ಅದಕ್ಕಿಂತ ದೊಡ್ಡದು. ಅವರನ್ನು ಪ್ರೇಮಾವತಿ ಚಾಕಣದ ಮಾರುಕಟ್ಟೆಗೆ ಕಳಿಸಿ ಈರುಳ್ಳಿ ಬಟಾಟೆ ತರಿಸಿದರು. ದುಡ್ಡು ಕೊಟ್ಟದ್ದು ಸಿಬ್ಬಂದಿ ವಿಭಾಗದ ಅಧಿಕಾರಿ ನೀಲಿಮಾ. ತುಮಕೂರಿನ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವಳ ಸಹಿಗೆ ಸಿಗುತ್ತಿದ್ದ ಹಣ ಕ್ರೀಡಾಕೂಟದ್ದು ಮಾತ್ರ. ಆ ವರ್ಷ ನಮ್ಮಲ್ಲಿ ಕ್ರಿಕೆಟ್ ಪಂದ್ಯ ನಡೆಯಲಿಲ್ಲ. ನಾವು ಅದನ್ನು ಪಲ್ಯವಾಗಿ ತಿಂದಿದ್ದೆವು.

ಎಂಟು ದಿನ ಹಾಗೇ ನಡೆಯಿತು. ಸಾಂಬಾರಿನಲ್ಲಿ ಬೇಳೆ ಕಾಣಿಸಿಕೊಂಡಿತು. ಒಂಬತ್ತನೆಯ ದಿನ ನೀಲಿಮಾ ಅಡುಗೆಮನೆಗೆ ಬಂದು, "ಈಗ ಕಂಟ್ರಾಕ್ಟರ್ ಯಾರು? ಹೆಡ್ ಆಫೀಸ್‌ಗೆ ಹೆಸ್ರು ಕಳಿಸ್ಬೇಕು" ಎಂದಳು.

"ಯಾರೂ ಇಲ್ಲ" ಎಂದರು ಪ್ರೇಮಾವತಿ.

"ಮತ್ತೆ ಊಟ ಹೇಗೆ ಆಗ್ತಾ ಇದೆ?"

"ಅದನ್ನೇ ನಾನೂ ಕೇಳೂದು. ಅವ ಹೋದ ಮೇಲೆ ಎಂತ ಕಡಿಮೆ ಆಯ್ತು ಅಂತ ಎಂಟು ದಿನದಿಂದ ಹುಡುಕ್ತಾ ಇದ್ದೇನೆ. ಒಂದು ಕುರ್ಚಿ ಖಾಲಿ ಉಂಟು, ಅಷ್ಟೇ."

ನೀಲಿಮಾ ನಕ್ಕಳು. ಆದರೆ ಕಂಪನಿಗೆ ಬಿಲ್ಲು ಬರೆಯಲು ಒಂದು ಹೆಸರು ಬೇಕು, ಇಲ್ಲದಿದ್ದರೆ ತಿಂಗಳ ಕೊನೆಗೆ ಎಂಟನೆಯವನನ್ನು ಕರೆಯುತ್ತಾರೆ ಎಂದಳು. ಆಗ ಪ್ರೇಮಾವತಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ಅಲ್ಲೇ ಎರಡನೇ ಸಲ ಪಲ್ಯಕ್ಕೆ ನಿಂತಿದ್ದೆ. "ನಮ್ಮೂರಲ್ಲಿ ಹಾಲಿನ ಸೊಸೈಟಿ ಉಂಟು. ನನ್ನಮ್ಮ ದಿನಾ ಎರಡು ಲೀಟರ್ ಹಾಕ್ತಿದ್ರು. ಅಧ್ಯಕ್ಷರೂ ಕ್ಯಾನ್ ಹಿಡ್ಕೊಂಡು ಸಾಲಲ್ಲೇ ನಿಲ್ಲೂದು. ಅದಕ್ಕೆ ಕಂಟ್ರಾಕ್ಟರ್ ಯಾರು? ದನವಾ?"

ಹೀಗೆ ಸಹಕಾರ ಸಂಘದ ಮಾತು ಹುಟ್ಟಿತು. ಅರ್ಜಿಯ ಮರಾಠಿ ನನ್ನ ಪಾಲಿಗೆ ಬಂತು. ಪುಣೆಯ ಕಚೇರಿಯ ಗುಮಾಸ್ತರು ಕಾಗದಗಳನ್ನು ತಿರುವಿ ನೋಡಿ, ಕನಿಷ್ಠ ಹತ್ತು ಮಂದಿ ಬೇಕು, ಹತ್ತೂ ಜನ ಬೇರೆ ಬೇರೆ ಕುಟುಂಬದವರಾಗಿರಬೇಕು ಎಂದರು. ನಮ್ಮಲ್ಲಿ ಇದ್ದದ್ದು ಹನ್ನೆರಡು ಜನ. ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು, ಇಬ್ಬರು ಗಂಡಹೆಂಡಿರು. ಅಂದರೆ ಸರಿಯಾಗಿ ಹತ್ತು ಕುಟುಂಬ. ಅಣ್ಣತಮ್ಮಂದಿರು ನಾಣ್ಯ ಚಿಮ್ಮಿ ಇತ್ಯರ್ಥ ಮಾಡಿಕೊಂಡರು. ಗಂಡಹೆಂಡಿರಲ್ಲಿ ಪ್ರಶ್ನೆಯೇ ಇರಲಿಲ್ಲ. ದೇವದಾಸ್ ಮುಖ್ಯ ಅಡುಗೆಯವರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದಿದ್ದರು. ಗುಮಾಸ್ತರು ಅವರ ಕಾಗದ ನೋಡಿದರು. ಆಧಾರಿನಲ್ಲಿ ದೇವದಾಸ್, ಪ್ಯಾನಿನಲ್ಲಿ ದೇವದಾಸ, ಬ್ಯಾಂಕಿನಲ್ಲಿ ದೇವಿದಾಸ. "ಹ್ಯಾತಲಾ ಕೋಣ್ ತುಮ್ಹೀ?" ಎಂದು ಕೇಳಿದರು. ಇವರಲ್ಲಿ ನೀವು ಯಾರು ಎಂದು ಅದರ ಅರ್ಥ. ದೇವದಾಸ್ ಉತ್ತರಿಸಲು ಹೊತ್ತು ತೆಗೆದುಕೊಂಡರು. ಅಷ್ಟರಲ್ಲಿ ಪ್ರೇಮಾವತಿ ಪ್ಲಾಸ್ಟಿಕ್ ಚೀಲದಿಂದ ತಮ್ಮ ಕಾಗದ ತೆಗೆದರು. ಎಲ್ಲದರಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ. ಸಹಿ ಅವರದಾಯಿತು.

ಹೊರಗೆ ಮರದ ಕೆಳಗೆ ಮೊದಲ ಸಭೆ ಸೇರಿತು. ಅಧ್ಯಕ್ಷರಾಗುವವರಿಗೆ ಕಚೇರಿಯ ಪತ್ರಗಳೆಲ್ಲ ಬರುತ್ತವೆ ಎಂದು ತಿಳಿದದ್ದೇ ಒಂಬತ್ತು ಜನ ಒಂದೇ ದನಿಯಲ್ಲಿ ಪ್ರೇಮಾವತಿಯವರ ಹೆಸರು ಹೇಳಿದರು. ಅದನ್ನು ಅವಿರೋಧ ಆಯ್ಕೆ ಎಂದು ನಾನು ನಡಾವಳಿಯಲ್ಲಿ ಬರೆದೆ.

ದೇವದಾಸ್ ಈಗ ಹೆಂಡತಿಯ ಸಂಘದ ಸಂಬಳದ ನೌಕರರಾದರು. ಎರಡು ದಿನ ಮನೆಯಲ್ಲಿ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಹಾದ ಲೋಟದ ಪಕ್ಕ ಒಂದು ಕಾಗದ ಇಟ್ಟರು. "ಮಾನ್ಯ ಅಧ್ಯಕ್ಷರಿಗೆ, ಸೊಂಟನೋವಿನ ನಿಮಿತ್ತ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ವಿನಂತಿ." ಪ್ರೇಮಾವತಿ ಪೂರ್ತಿ ಓದಿ ಮಡಚಿ ವಾಪಸು ಕೊಟ್ಟರು. "ಇದನ್ನು ಆಫೀಸಲ್ಲಿ ಕೊಡಿ. ಮನೆಯಲ್ಲಿ ನಾನು ಅಧ್ಯಕ್ಷೆ ಅಲ್ಲ." ಕೊಡಬೇಕಾದರೆ ಆಫೀಸಿಗೆ ಹೋಗಬೇಕು, ಹೋದರೆ ರಜೆ ಯಾಕೆ? ದೇವದಾಸ್ ಬಸ್ಸು ಹತ್ತಿದರು.

ಸಂಘದ ಮೊದಲ ತಿಂಗಳುಗಳಲ್ಲಿ ಅಡುಗೆಗಿಂತ ಮತದಾನಕ್ಕೆ ಹೆಚ್ಚು ಹೊತ್ತು ಹೋಯಿತು. ಇದಕ್ಕೆ ಕಾರಣ ಗಂಗೂಬಾಯಿ. ಹನ್ನೆರಡು ವರ್ಷ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಎಲ್ಲವನ್ನೂ ಕೇಳಬೇಕೆಂದು ಹಟ ಹಿಡಿದರು. "ಸಂಘ ಅಂದಮ್ಯಾಲ ಎಲ್ಲಾರ್ನೂ ಕೇಳಬೇಕ್ರಿ. ಇಲ್ಲಂದ್ರ ಹಳೇ ಕಂಟ್ರಾಕ್ಟರಂವ ಏನ್ ಕೆಟ್ಟಿದ್ದ?" ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಿಷಯ ಮತಕ್ಕೆ ಬಂತು. ಕರಾವಳಿಯವರು ಹೌದೆಂದರು, ವಿಜಯಪುರ ಕಡೆಯವರು ಬೆಲ್ಲ ಬಿದ್ದದ್ದು ಪಾಯಸ ಎಂದರು. ಐದಕ್ಕೆ ಐದು. ಅಧ್ಯಕ್ಷರ ನಿರ್ಣಾಯಕ ಮತ ಕೇಳಿದಾಗ ಪ್ರೇಮಾವತಿ, "ಎರಡು ಪಾತ್ರೆ ಇಡಿ" ಎಂದರು. ಮತವಿಲ್ಲದ ದೇವದಾಸ್ ಬಾಗಿಲಲ್ಲಿ ನಿಂತು, "ಕೈ ಎತ್ತಿ ಮುಗೀತಾ? ಹಾಗಾದ್ರೆ ಸೌಟು ಎತ್ತಿ. ಬೇಳೆ ಉಕ್ತಾ ಉಂಟು" ಎನ್ನುತ್ತಿದ್ದರು.

ಆದರೂ ಊಟ ಚೆನ್ನಾಗಿತ್ತು. ಅಡುಗೆಯವರ ಸಂಬಳವೂ ಸ್ವಲ್ಪ ಏರಿತು. ಮಧ್ಯದಲ್ಲಿ ತಿನ್ನುವವನು ಇಲ್ಲದಿದ್ದರೆ ತಟ್ಟೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ನಮಗೆ ಮೊದಲ ಸಲ ಕಾಣಿಸಿತು. ಚಪಾತಿ ಎರಡು ಮಿಲಿಮೀಟರಿಗೆ ಬಂತು. ನಾನು ಗುಟ್ಟಾಗಿ ಅಳೆದಿದ್ದೆ.

ಒಂದು ವರ್ಷದ ಮೇಲೆ ಹೆಡ್ ಆಫೀಸಿನಿಂದ ಹೊಸ ಸುಧಾರಣೆ ಬಂತು. ಇನ್ನು ಎಲ್ಲ ಗುತ್ತಿಗೆಯೂ ಕಂಪ್ಯೂಟರಿನ ಮೇಲೆ ಉಲ್ಟಾ ಹರಾಜಿನಲ್ಲಿ. ನೀಲಿಮಾ ಬೇಸರದಿಂದಲೇ ವಿವರಿಸಿದಳು: "ಸ್ಕ್ರೀನ್ ಮೇಲೆ ರೇಟ್ ಕಾಣ್ಸುತ್ತೆ. ಎಲ್ರೂ ಕಮ್ಮಿ ಮಾಡ್ತಾ ಹೋಗ್ಬೇಕು. ಕೊನೇಲಿ ಯಾರು ಲೋಯೆಸ್ಟೋ ಅವ್ರಿಗೆ. ಸರಿಯಾದ ಬೆಲೆನ ಮಾರ್ಕೆಟ್ಟೇ ಕಂಡುಹಿಡಿಯುತ್ತಂತೆ."

"ಬೆಲೆ ಅಲ್ಲ ಮಗಾ, ಯಾರು ಕಡಿಮೆ ಬೇಳೆ ಹಾಕ್ತಾರೆ ಅಂತ ಕಂಡುಹಿಡಿಯೂದು" ಎಂದರು ಪ್ರೇಮಾವತಿ.

ಹರಾಜಿನ ದಿನ ಹತ್ತೂ ಸದಸ್ಯರು ನನ್ನ ಗುಣಮಟ್ಟ ಕೋಣೆಯಲ್ಲಿ ಕಂಪ್ಯೂಟರಿನ ಸುತ್ತ ನಿಂತರು. ಒಗ್ಗರಣೆಯ ಪರಿಮಳ ಕೋಣೆಯಲ್ಲಿ ಮೂರು ದಿನ ಉಳಿದಿತ್ತು. ಒಂದು ಊಟಕ್ಕೆ ಅರವತ್ತೆರಡು ರೂಪಾಯಿಯಿಂದ ಆರಂಭ. ಯಾರೋ ಅರವತ್ತು ಎಂದರು. ಪ್ರತಿ ಇಳಿಕೆಗೂ ಎರಡು ನಿಮಿಷ ಮಾತ್ರ. ನಾನು ಐವತ್ತೆಂಟು ಒತ್ತಲು ಕೈ ಚಾಚಿದೆ. ಗಂಗೂಬಾಯಿ ಕೈ ಹಿಡಿದರು.

"ತಡೀರಿ ಮಧುಕರ ಸರ. ಮತಕ್ಕ ಹಾಕ್ರಿ."

ಮತಕ್ಕೆ ಹಾಕಿದೆವು. ಒಂದು ನಿಮಿಷ ಐವತ್ತು ಸೆಕೆಂಡು ಹಿಡಿಯಿತು. ಐವತ್ತೆಂಟು ಒತ್ತಿದೆ. ಆಚೆಯಿಂದ ಐವತ್ತೈದು ಬಂತು. ಮತ್ತೆ ಕೈಗಳು ಮೇಲೆದ್ದವು, ಐವತ್ತನಾಲ್ಕು ಎಂದಾಯಿತು. ಆಚೆಯಿಂದ ಐವತ್ತು. ಈ ಸಲ ಯಾರೂ ಕೈ ಎತ್ತಲಿಲ್ಲ, ಎಲ್ಲರೂ ಪ್ರೇಮಾವತಿಯವರ ಮುಖ ನೋಡಿದರು. ಅವರು ಪರದೆಯನ್ನಲ್ಲ, ತಮ್ಮ ಕೈಬೆರಳುಗಳನ್ನು ನೋಡುತ್ತಿದ್ದರು. "ಐವತ್ತನಾಲ್ಕಕ್ಕಿಂತ ಕೆಳಗೆ ಬರೀ ನೀರು. ನೀರು ಮಾರಲಿಕ್ಕೆ ನಾವು ಯಾಕೆ?" ಎಂದರು. ಉಳಿದವರು ಇಳಿಯುತ್ತಲೇ ಹೋದರು. ಗೆದ್ದದ್ದು ನಲವತ್ತಮೂರು.

ಬಾಗಿಲಲ್ಲಿದ್ದ ದೇವದಾಸ್, "ನಲ್ವತ್ಮೂರಕ್ಕೆ ಅವ ಎಂತ ಕೊಡ್ತಾನೆ? ತಟ್ಟೆಯಾ?" ಎಂದರು.

ಗೆದ್ದದ್ದು ಹಲವು ಊರುಗಳಲ್ಲಿ ಅಡುಗೆ ನಡೆಸುವ ಒಂದು ದೊಡ್ಡ ಕಂಪನಿ. ಅದರ ಕಡೆಯಿಂದ ಅನಂತರಾಮು ಎಂಬ ಮೈಸೂರಿನ ಯುವಕ ಮ್ಯಾನೇಜರ್ ಆಗಿ ಬಂದ. ಕೈಯಲ್ಲಿ ಟ್ಯಾಬ್ಲೆಟ್, ಚೀಲದಲ್ಲಿ ನೇರಳೆ ಬಣ್ಣದ ಹನ್ನೆರಡು ಟೊಪ್ಪಿ. ಹಳೆಯ ಪದ್ಧತಿಯಂತೆ ಅದೇ ಅಡುಗೆಯವರನ್ನು ಇಟ್ಟುಕೊಳ್ಳುವ ಯೋಚನೆ. ಒಬ್ಬೊಬ್ಬರನ್ನೇ ಕರೆದು ಕೇಳಿದ. ಒಬ್ಬೊಬ್ಬರೂ "ಸಂಘಕ್ಕೆ ಕೇಳಿ" ಎಂದರು. ಗಂಗೂಬಾಯಿಯಂತೂ, "ಈ ಕೈ ನಂದಽ ಅದ್ರಿ. ಆದ್ರ ಎತ್ತೂದು ಸಂಘದಾಗ" ಎಂದು ತೋರಿಸಿಯೇ ಬಂದರು. ನಾಣ್ಯದಲ್ಲಿ ಸೋತ ತಮ್ಮನೂ ಅಣ್ಣನ ಮಾತೇ ತನ್ನದು ಎಂದ.

ಉಳಿದದ್ದು ದೇವದಾಸ್. ಅನಂತರಾಮು ಅವರಿಗೆ ಮುಖ್ಯ ಶೆಫ್ ಎಂಬ ಪದವಿ, ಇಮ್ಮಡಿ ಸಂಬಳ, ಮೊಳದುದ್ದದ ಬಿಳಿ ಟೊಪ್ಪಿ ಕೊಡುವುದಾಗಿ ಹೇಳಿದ. ಸದಸ್ಯರಲ್ಲದ ದೇವದಾಸರಿಗೆ ಸಂಘದ ಕಟ್ಟುಪಾಡು ಇರಲಿಲ್ಲ. ಒಂದು ವರ್ಷ ಬಾಗಿಲಲ್ಲಿ ನಿಂತ ಸಿಟ್ಟು ಇತ್ತು. ಒಪ್ಪಿಕೊಂಡರು. ಆ ದಿನ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರಂತೆ. ಪ್ರೇಮಾವತಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿರುವುದು ಅದೇ ಮೊದಲು, ಹಾಗಾಗಿ ನಮಗೆಲ್ಲ ಹೆದರಿಕೆಯಾಯಿತು.

ದೇವದಾಸ್ ಬಿಳಿ ಟೊಪ್ಪಿ ತೊಟ್ಟು ಅಡುಗೆಮನೆ ಹೊಕ್ಕರು. ಒಲೆಯ ಮೇಲೆ ಒಂದು ದೊಡ್ಡ ಪಾತ್ರೆಯಲ್ಲಿ ಬಿಸಿನೀರು. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳು. ಎಲ್ಲಿಂದಲೋ ತಯಾರಾಗಿ ಬಂದ ಸಾಂಬಾರು, ದಾಲು, ಪಲ್ಯ, ಎಲ್ಲ ಪ್ಯಾಕೆಟ್ಟಿನಲ್ಲಿ. ಅನಂತರಾಮು ಅವರ ಕೈಗೆ ಒಂದು ಕತ್ತರಿ ಕೊಟ್ಟ.

"ಇದೆಂತದು?"

"ಪ್ಯಾಕೆಟ್ ಓಪನ್ ಮಾಡೋಕೆ ಸರ್. ಡಾಟೆಡ್ ಲೈನ್ ಮೇಲೆ ಕಟ್ ಮಾಡಿ, ಹಾಟ್ ವಾಟರ್‌ಗೆ ಹಾಕಿದ್ರೆ ಮುಗೀತು."

"ಉಪ್ಪು?"

"ಅದೂ ಒಳಗೇ ಇದೆ ಸರ್."

ದೇವದಾಸ್ ಹನ್ನೊಂದು ಪ್ಯಾಕೆಟ್ ಕತ್ತರಿಸಿದರು ಎಂದು ಆಮೇಲೆ ತಾವೇ ಹೇಳಿದರು. ಹನ್ನೆರಡನೆಯದಕ್ಕೆ ಬಂದಾಗ ಕತ್ತರಿ ಕೆಳಗಿಟ್ಟು, ಟೊಪ್ಪಿ ತೆಗೆದು ಅದರ ಮೇಲಿಟ್ಟು ಹೊರಟುಬಂದರು. ತಳೇಗಾಂವದಲ್ಲಿ ಸಂಘ ಬಾಡಿಗೆಗೆ ಹಿಡಿದಿದ್ದ ಒಂದು ತಗಡಿನ ಶೆಡ್ಡಿಗೆ ನೇರ ಬಸ್ಸು ಹಿಡಿದು ಹೋಗಿ, ಬಾಗಿಲಲ್ಲಿ ನಿಲ್ಲದೆ ಒಳಗೇ ಬಂದು, ಸದಸ್ಯತ್ವದ ಅರ್ಜಿ ಕೇಳಿದರು. ಸಂಘ ನೋಂದಣಿಯಾದ ಮೇಲೆ ಕುಟುಂಬದ ಅಡ್ಡಿ ಇಲ್ಲವೆಂದು ನಾನು ಅಷ್ಟರಲ್ಲಿ ವಿಚಾರಿಸಿಟ್ಟಿದ್ದೆ. ಹೆಸರಿನ ಮೂರು ಕಾಗುಣಿತವನ್ನು ಒಂದು ಮಾಡಿಸಲು ಮಾತ್ರ ಅವರು ಆರು ವಾರ ಕಚೇರಿ ಅಲೆಯಬೇಕಾಯಿತು.

ಅರ್ಜಿ ಸಭೆಗೆ ಬಂದಾಗ ಪ್ರೇಮಾವತಿ, "ಇದು ನನ್ನ ಮನೆಯ ವಿಷಯ, ನಾನು ಹೊರಗೆ ಕೂತುಕೊಳ್ತೇನೆ" ಎಂದು ಎದ್ದು ಹೋದರು. ಗಂಗೂಬಾಯಿ ಅಧ್ಯಕ್ಷತೆ ವಹಿಸಿದರು.

"ಅಲ್ಲಿಗೆ ಯಾಕ್ ಹೋಗಿದ್ರಿ ದೇವದಾಸಣ್ಣ? ಖರೇ ಹೇಳ್ರಿ."

ದೇವದಾಸ್ ನೆಲ ನೋಡುತ್ತ, "ಟೊಪ್ಪಿ ಚಂದ ಇತ್ತು" ಎಂದರು.

ಈ ಉತ್ತರ ಪ್ರಾಮಾಣಿಕವಾಗಿದೆ ಎಂದು ಸಭೆ ಒಮ್ಮತದಿಂದ ಅಭಿಪ್ರಾಯಪಟ್ಟಿತು. ಅದೇ ಸಭೆಯಲ್ಲಿ ಅವರನ್ನೂ, ನಾಣ್ಯದಲ್ಲಿ ಸೋತ ತಮ್ಮನನ್ನೂ ಸೇರಿಸಿಕೊಂಡರು.

ಸಂಘಕ್ಕೆ ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿತ್ತು. ತಳೇಗಾಂವದಲ್ಲಿ ಹತ್ತು ಹದಿನೈದು ಜನ ದುಡಿಯುವ ಸಣ್ಣ ಸಣ್ಣ ವರ್ಕ್‌ಶಾಪುಗಳಿವೆ. ಅವರಿಗೆ ಯಾವ ದೊಡ್ಡ ಕಂಪನಿಯೂ ಊಟ ಕೊಡುವುದಿಲ್ಲ, ಗಿಟ್ಟುವುದಿಲ್ಲ. ಪ್ರೇಮಾವತಿ ಮನೆಮನೆಗೆ ಹೋದಂತೆ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಇಪ್ಪತ್ತೊಂದು ವರ್ಕ್‌ಶಾಪುಗಳನ್ನು ಒಂದು ಪಟ್ಟಿಗೆ ತಂದರು. ದರವನ್ನು ಎಲ್ಲರೂ ಕೂತು ಮಾತಾಡಿ ಗೊತ್ತುಮಾಡಿದರು. ಬೇಳೆಯ ಬೆಲೆ ಏರಿದರೆ ಮತ್ತೆ ಕೂತು ಮಾತಾಡುವುದು ಎಂದೂ ಬರೆದುಕೊಂಡರು. ಮುನ್ನೂರು ಊಟ. ಚಿಕ್ಕದು, ಆದರೆ ಒಲೆ ಆರಲಿಲ್ಲ.

ಇತ್ತ ನಮ್ಮ ಕಾರ್ಖಾನೆಯಲ್ಲಿ ಜನ ಮನೆಯಿಂದ ಡಬ್ಬಿ ತರತೊಡಗಿದರು. ಪ್ಯಾಕೆಟ್ ಸಾಂಬಾರಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದು ಸೋಮವಾರ ಹೇಗಿತ್ತೋ ಶನಿವಾರವೂ ಹಾಗೇ ಇತ್ತು, ಕಷ್ಟ ಅದೇ. ಗುಣಮಟ್ಟ ವಿಭಾಗದವನಾಗಿ ನಾನು ಇಂಥ ಏಕರೂಪತೆಯನ್ನು ಮೆಚ್ಚಬೇಕಿತ್ತು, ನಾಲಿಗೆ ಒಪ್ಪಲಿಲ್ಲ. ಅನಂತರಾಮು ದಿನವೂ ಬೈಕಿನಲ್ಲಿ ತಳೇಗಾಂವಕ್ಕೆ ಹೋಗಿ ಸಂಘದ ಶೆಡ್ಡಿನಲ್ಲಿ ಉಣ್ಣುತ್ತಿದ್ದ. ಕೇಳಿದರೆ, "ಕಾಂಪಿಟಿಟರ್ ಅನಾಲಿಸಿಸ್ ಸರ್" ಎನ್ನುತ್ತಿದ್ದ. ನಾಲ್ಕು ತಿಂಗಳ ಅಧ್ಯಯನದಲ್ಲಿ ಆರು ಕಿಲೋ ದಪ್ಪಗಾದ. ಆಮೇಲೆ ಅವನನ್ನು ಹೈದರಾಬಾದಿಗೆ ವರ್ಗ ಮಾಡಿದರು. ಹೋಗುವಾಗ ಪ್ರೇಮಾವತಿ ಅವನಿಗೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟು, "ಪ್ಯಾಕೆಟಿಗೆ ಹಾಕ್ಬೇಡ" ಎಂದರು.

ಕಾರ್ಖಾನೆಯ ಕ್ಯಾಂಟೀನ್ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇದ್ದಾರೆ. ಹೆಚ್ಚಾಗಿ ಅವರ ಸಭೆ ಚಹಾ ಕುಡಿಯುವಲ್ಲಿಗೆ ಮುಗಿಯುತ್ತಿತ್ತು. ಈ ಸಲ ಮುಗಿಯಲಿಲ್ಲ. ನೀಲಿಮಾ ಖಾಲಿ ಕ್ಯಾಂಟೀನಿನ ಫೋಟೋಗಳನ್ನು ಹೆಡ್ ಆಫೀಸಿಗೆ ಕಳಿಸಿದಳು. ಏಳು ತಿಂಗಳ ನಂತರ ಒಂದು ರಾಜಿಯಾಯಿತು. ಮಧ್ಯಾಹ್ನದ ಊಟ ಸಂಘಕ್ಕೆ, ಐವತ್ತಾರು ರೂಪಾಯಿಗೆ, ಹರಾಜಿಲ್ಲದೆ. ಬೆಳಗಿನ ತಿಂಡಿ ಮಾತ್ರ ಪ್ಯಾಕೆಟಿನವರದೇ. ಪೂರ್ತಿ ಗೆದ್ದೆವೆಂದು ಯಾರೂ ಹೇಳುವಂತಿಲ್ಲ. ಈಗಲೂ ಬೆಳಿಗ್ಗೆ ನಾನು ಡಾಟೆಡ್ ಲೈನಿನ ಉಪ್ಪಿಟ್ಟು ತಿನ್ನುತ್ತೇನೆ.

ಹೋದ ವರ್ಷ ಪುಣೆಯ ಒಂದು ವಿದ್ಯಾಸಂಸ್ಥೆಯವರು ಆರ್ಥಿಕ ಸುಧಾರಣೆ ಮತ್ತು ಮಾರುಕಟ್ಟೆಗೆ ಪರ್ಯಾಯಗಳು ಎಂಬ ವಿಚಾರಸಂಕಿರಣಕ್ಕೆ ಪ್ರೇಮಾವತಿಯವರನ್ನು ಕರೆದರು. ಮರಾಠಿಯಲ್ಲಿ ನಾಲ್ಕು ನಿಮಿಷ ಮಾತಾಡಿದರು, ಅದರಲ್ಲಿ ಎರಡು ನಿಮಿಷ ಚಪಾತಿ ಹಿಟ್ಟಿನ ಬಗ್ಗೆ. ಶರ್ವರಿ ಎಂಬ ತರುಣ ಪ್ರಾಧ್ಯಾಪಕಿ ಎದ್ದು, ಈ ಮಾದರಿಯನ್ನು ದೊಡ್ಡ ಪ್ರಮಾಣಕ್ಕೆ ಒಯ್ಯಬಹುದೇ ಎಂದು ಕೇಳಿದರು. ಪ್ರೇಮಾವತಿ ಯೋಚಿಸಿ, "ನಮ್ಮ ದೊಡ್ಡ ಪಾತ್ರೆಯಲ್ಲಿ ನಾನೂರು ಜನರಿಗೆ ಬೇಯ್ತದೆ. ಇನ್ನೂ ದೊಡ್ಡದು ಮಾಡಿದ್ರೆ ತಳ ಹಿಡೀತದೆ. ಬೇಕಾದವರು ಅವರವರ ಊರಲ್ಲಿ ಇನ್ನೊಂದು ಪಾತ್ರೆ ಇಡಲಿ, ಮಸಾಲೆ ನಾನು ಹೇಳಿಕೊಡ್ತೇನೆ" ಎಂದರು. ಶರ್ವರಿ ಅದನ್ನು ಬರೆದುಕೊಂಡರು. ಆಮೇಲೆ ಅಲ್ಲಿಯ ಮಧ್ಯಾಹ್ನದ ಊಟ ಮಾಡಿ, ಇದು ಇಲ್ಲಿಯ ಮೂರನೇ ಅಥವಾ ನಾಲ್ಕನೇ ಕಂಟ್ರಾಕ್ಟರನದು ಎಂದು ಪ್ರೇಮಾವತಿ ಹೇಳಿದರು. ವಿಚಾರಿಸಿದರೆ ನಾಲ್ಕನೆಯವನದು.

ಈ ಏಪ್ರಿಲಿನಲ್ಲಿ ಸಂಘದ ಚುನಾವಣೆ ನಡೆಯಿತು. ಈ ಸಲ ಗುಪ್ತ ಮತದಾನ, ಗಂಗೂಬಾಯಿಯ ಒತ್ತಾಯದಿಂದ. ಅಧ್ಯಕ್ಷ ಸ್ಥಾನಕ್ಕೆ ನಿಂತವರು ಇಬ್ಬರು, ಪ್ರೇಮಾವತಿ ಮತ್ತು ಗಂಗೂಬಾಯಿ. ಒಬ್ಬ ಸದಸ್ಯ ಮದುವೆಗೆಂದು ಊರಿಗೆ ಹೋಗಿದ್ದ, ಹಾಗಾಗಿ ಹನ್ನೊಂದು ಮತ. ಚೀಟಿ ಬಿಚ್ಚಿದವನು ನಾನು. ಗಂಗೂಬಾಯಿಗೆ ಆರು, ಪ್ರೇಮಾವತಿಗೆ ಐದು. ಗಂಗೂಬಾಯಿ ತಾವು ಗೆದ್ದದ್ದು ಕೇಳಿ ಗಾಬರಿಯಾಗಿ, "ಕಚೇರಿ ಪತ್ರ ಎಲ್ಲಾ ನನಗಽ ಬರ್ತಾವೇನ್ರಿ ಈಗ?" ಎಂದು ಕೇಳಿದರು. ಹೌದೆಂದೆ. ಅವರು ಕೂತುಬಿಟ್ಟರು. ಪ್ರೇಮಾವತಿ ಎದ್ದು ಅವರ ಕೈಗೆ ಪತ್ರಗಳ ಪ್ಲಾಸ್ಟಿಕ್ ಚೀಲ ಕೊಟ್ಟು, ಯಾವುದಕ್ಕೆ ಉತ್ತರ ಬರೆಯಬೇಕು, ಯಾವುದನ್ನು ಸುಮ್ಮನೆ ಇಟ್ಟುಕೊಳ್ಳಬೇಕು ಎಂದು ಒಂದು ಗಂಟೆ ಕೂತು ಹೇಳಿಕೊಟ್ಟರು.

ಆ ಸಂಜೆ ನಾನೂ ಆ ಗಂಡಹೆಂಡಿರೊಂದಿಗೆ ಬಸ್ಸಿನಲ್ಲಿದ್ದೆ. ತಳೇಗಾಂವ ಹತ್ತಿರವಾದಾಗ ದೇವದಾಸ್ ಕಿಟಕಿಯ ಹೊರಗೆ ನೋಡುತ್ತ, "ನಾನು ನಿನಗೇ ಹಾಕಿದ್ದು" ಎಂದರು.

"ನಾನು ಕೇಳಲಿಲ್ಲವಲ್ಲ" ಎಂದರು ಪ್ರೇಮಾವತಿ. ಮಡಿಲಲ್ಲಿದ್ದ ತರಕಾರಿ ಚೀಲದಿಂದ ಒಂದು ಹಿಡಿ ಬೀನ್ಸ್ ತೆಗೆದು ಗಂಡನ ಕೈಗೆ ಕೊಟ್ಟು, ತಾವೂ ಒಂದು ಹಿಡಿ ತೆಗೆದುಕೊಂಡು ನಾರು ಬಿಡಿಸತೊಡಗಿದರು.